ಬಾಗಿಲು ಹಾಕಿದ ಕೋಣೆಯ ಸಲುಗೆ

2023ರ ಸೆಪ್ಟೆಂಬರ್ 13. ವಾಷಿಂಗ್ಟನ್ನಿನಲ್ಲಿ ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಕಚೇರಿ ಕಟ್ಟಡದ ಒಂದು ದೊಡ್ಡ ಕೋಣೆ. ಒಳಗೆ ಎಲಾನ್ ಮಸ್ಕ್ ಇದ್ದಾರೆ. ಮಾರ್ಕ್ ಜುಕರ್‌ಬರ್ಗ್, ಬಿಲ್ ಗೇಟ್ಸ್, ಸುಂದರ್ ಪಿಚೈ, ಸತ್ಯ ನಾದೆಲ್ಲ, ಸ್ಯಾಮ್ ಆಲ್ಟ್‌ಮನ್ ಇದ್ದಾರೆ, ಎಲ್ಲರೂ ತಂತ್ರಜ್ಞಾನ ಕಂಪನಿಗಳ ದೊಡ್ಡವರು. ಅವರ ಮಾತು ಕೇಳಲು 60ಕ್ಕೂ ಜಾಸ್ತಿ ಸೆನೆಟರ್‌ಗಳು ಬಂದಿದ್ದಾರೆ. ಕೃತಕ ಬುದ್ಧಿಮತ್ತೆಗೆ ಎಂಥ ಕಾನೂನು ಬೇಕು ಅನ್ನುವುದು ಅವತ್ತಿನ ವಿಷಯ. ಕಾರ್ಮಿಕ ಸಂಘಟನೆಯವರನ್ನೂ ನಾಗರಿಕ ಹಕ್ಕುಗಳಿಗಾಗಿ ದುಡಿಯುವವರನ್ನೂ ಕರೆದಿದ್ದರು, ಅದನ್ನೂ ಹೇಳಬೇಕು. ಆದರೆ ಪತ್ರಕರ್ತರಿಗೆ ಒಳಗೆ ಬಿಡಲಿಲ್ಲ. ಸೆನೆಟರ್‌ಗಳು ಕೂಡ ಎದ್ದು ನಿಂತು ಪ್ರಶ್ನೆ ಕೇಳುವ ಹಾಗಿರಲಿಲ್ಲ, ಬರೆದು ಕೊಡಬೇಕಿತ್ತು.

ಸಭೆ ಕರೆದಿದ್ದ ಸೆನೆಟರ್ ಚಕ್ ಶುಮರ್ ಆಮೇಲೆ ಹೊರಗೆ ಬಂದು ಒಂದು ಮಾತು ಹೇಳಿದರು. ಇದನ್ನು ನಿಯಂತ್ರಿಸುವುದರಲ್ಲಿ ಸರ್ಕಾರಕ್ಕೆ ಪಾತ್ರ ಇರಬೇಕೇ ಅಂತ ತಾವು ಕೇಳಿದಾಗ ಕೋಣೆಯಲ್ಲಿದ್ದ ಪ್ರತಿಯೊಬ್ಬರೂ ಕೈ ಎತ್ತಿದರಂತೆ.

ಆ ಎತ್ತಿದ ಕೈಗಳ ಬಗ್ಗೆ ಒಂದು ಕ್ಷಣ ಯೋಚನೆ ಮಾಡಿ. ನಾವು ಅವನ್ನು ನೋಡಲಿಲ್ಲ. ಶುಮರ್ ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ, ನಿಜವೇ ಇರಬೇಕು. ಆದರೆ ಯಾವ ಕಾನೂನಿಗೆ ಕೈ ಎತ್ತಿದರು? ಯಾರ ಮೇಲಿನ ಕಾನೂನಿಗೆ? ‘ಕಾನೂನು ಬೇಕು, ಆದರೆ...’ ಅಂತ ಶುರುವಾಗುವ ಮಾತನ್ನು ನೀವೆಲ್ಲ ಕೇಳಿದ್ದೀರಿ. ಅಂಥ ಮಾತಿನ ತೂಕವೆಲ್ಲ ಆ ‘ಆದರೆ’ಯ ಆಚೆಗೆ ಇರುತ್ತದೆ, ಅಲ್ವಾ? ನಮಗೆ ಸಿಕ್ಕಿದ್ದು ಕೈಗಳ ಸುದ್ದಿ. ‘ಆದರೆ’ಯ ಆಚೆಗಿನದು ಒಳಗೇ ಉಳಿಯಿತು. ಇಂಥ ಸಭೆಗೆ ಬಾಗಿಲು ಹಾಕಿದ್ದು ಸರಿಯಲ್ಲ ಅಂತ ಸೆನೆಟರ್ ಎಲಿಜಬೆತ್ ವಾರನ್ ಅವತ್ತೇ ಹೇಳಿದರು.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಈ ಬಾಗಿಲಿನ ಬಗ್ಗೆ. ದೊಡ್ಡವರು ಬಾಗಿಲು ಹಾಕಿಕೊಂಡು ಕೂತರೆ ಹೊರಗಿರುವ ಜನಕ್ಕೆ ಯಾಕೆ ಅನುಮಾನ ಬರುತ್ತದೆ? ಆ ಅನುಮಾನವನ್ನು ನಾವು ಎಷ್ಟು ಗೌರವಿಸಬೇಕು?

ಮೊದಲು ನನ್ನದೇ ಒಂದು ಅನುಭವ. ನಾನು ಹಲವು ವರ್ಷ ಒಂದು ಸಂಸ್ಥೆಯಲ್ಲಿ ಸಭೆಗಳ ನಡಾವಳಿ ಬರೆಯುವ ಕೆಲಸ ಮಾಡಿದವಳು. ಒಂದು ಸಲ ಖರೀದಿಯ ವಿಷಯವೊಂದು ಚರ್ಚೆಗೆ ಬಂತು. ಮುಕ್ಕಾಲು ಗಂಟೆ ವಾದ ಆಯಿತು. ಇಬ್ಬರು ಒಪ್ಪಲೇ ಇಲ್ಲ. ಅಷ್ಟರಲ್ಲಿ ಹತ್ತು ನಿಮಿಷದ ವಿರಾಮ ಕೊಟ್ಟರು. ನಾನು ಕೂತಲ್ಲೇ ಹಾಳೆ ಜೋಡಿಸಿಕೊಳ್ಳುತ್ತಿದ್ದೆ. ಹೊರಗೆ ಕಿಟಕಿ ಪಕ್ಕ, ಒಪ್ಪದೆ ಇದ್ದ ಇಬ್ಬರಲ್ಲಿ ಒಬ್ಬರ ಹೆಗಲ ಮೇಲೆ ಅಧ್ಯಕ್ಷರು ಕೈ ಇಟ್ಟು ನಿಂತಿದ್ದು ಕಾಣುತ್ತಿತ್ತು. ಮಾತು ಕೇಳಿಸಲಿಲ್ಲ. ಇಬ್ಬರೂ ನಗುತ್ತಿದ್ದರು. ವಿರಾಮ ಮುಗಿದ ಮೇಲೆ ಆ ವಿಷಯ ಎರಡೇ ನಿಮಿಷದಲ್ಲಿ ಮುಗಿದುಹೋಯಿತು. ನಾನು ‘ಚರ್ಚೆಯ ನಂತರ ಸರ್ವಾನುಮತದಿಂದ ಒಪ್ಪಲಾಯಿತು’ ಅಂತ ಬರೆದೆ. ಬರೆದ ಮೇಲೆ ಪೆನ್ನು ಎತ್ತಲು ಮನಸ್ಸೇ ಬರಲಿಲ್ಲ. ಯಾವ ಚರ್ಚೆಯ ನಂತರ? ನಾನು ಬರೆದುಕೊಂಡ ಚರ್ಚೆ ಜಗಳದಲ್ಲಿ ನಿಂತಿತ್ತು. ಒಪ್ಪಿಗೆ ಹುಟ್ಟಿದ್ದು ಕಿಟಕಿ ಪಕ್ಕದಲ್ಲಿ. ಲಂಚ ಇರಲಿಲ್ಲ, ಬೆದರಿಕೆ ಇರಲಿಲ್ಲ. ಇದ್ದದ್ದು ಸಲುಗೆ.

ಕನ್ನಡದಲ್ಲಿ ಈ ‘ಸಲುಗೆ’ ಅನ್ನುವ ಪದ ಇದೆಯಲ್ಲ, ನಮಗೆ ಬೇಕಾದ್ದನ್ನು ಸರಿಯಾಗಿ ಹೇಳುವ ಪದ ಅದು. ಅದು ಸ್ನೇಹಕ್ಕಿಂತ ಸ್ವಲ್ಪ ಕಡಿಮೆ, ಪರಿಚಯಕ್ಕಿಂತ ಸ್ವಲ್ಪ ಜಾಸ್ತಿ. ಸಲುಗೆ ಇದ್ದವರು ಫೋನ್ ಮಾಡಿದರೆ ಎತ್ತುತ್ತೇವೆ. ಅವರ ಕಷ್ಟ ನಮಗೆ ಬೇಗ ಅರ್ಥವಾಗುತ್ತದೆ. ಅವರಿಗೆ ‘ಇಲ್ಲ’ ಅನ್ನುವುದು ಕಷ್ಟವಾಗುತ್ತದೆ. ಇದಕ್ಕೆ ಯಾವ ನಡಾವಳಿಯೂ ಇಲ್ಲ.

ಈಗ ದೊಡ್ಡ ಉದಾಹರಣೆಗೆ ಬರೋಣ. ಬಿಲ್ಡರ್‌ಬರ್ಗ್ ಸಭೆಯ ಹೆಸರು ನಿಮ್ಮಲ್ಲಿ ಬಹಳ ಜನ ಕೇಳಿರಬಹುದು. 1954ರ ಮೇ ತಿಂಗಳಲ್ಲಿ ನೆದರ್ಲೆಂಡ್ಸ್‌ನ ಓಸ್ಟರ್‌ಬೀಕ್‌ನಲ್ಲಿ ಬಿಲ್ಡರ್‌ಬರ್ಗ್ ಅನ್ನುವ ಹೋಟೆಲಿನಲ್ಲಿ ಮೊದಲ ಸಭೆ ನಡೆಯಿತು. ಆ ಹೋಟೆಲಿನ ಹೆಸರೇ ಸಭೆಗೆ ಅಂಟಿಕೊಂಡಿತು. ಯುರೋಪ್ ಮತ್ತು ಅಮೆರಿಕದ ನಾಯಕರ ನಡುವೆ ಆಗ ಅಸಮಾಧಾನ ಬೆಳೆಯುತ್ತಿತ್ತು, ಅದನ್ನು ಕಡಿಮೆ ಮಾಡುವುದು ಉದ್ದೇಶ. ಈಗಲೂ ಹೆಚ್ಚುಕಡಿಮೆ ಪ್ರತಿ ವರ್ಷ ನಡೆಯುತ್ತದೆ. ಸುಮಾರು 130 ಜನ ಬರುತ್ತಾರೆ. ಮಂತ್ರಿಗಳು, ಬ್ಯಾಂಕಿನವರು, ಸೇನೆಯ ಹಿರಿಯರು, ಸಂಪಾದಕರು, ಇತ್ತೀಚೆಗೆ ತಂತ್ರಜ್ಞಾನ ಕಂಪನಿಗಳ ಮುಖ್ಯಸ್ಥರು. ಅಲ್ಲಿ ಚಾಟಮ್ ಹೌಸ್ ನಿಯಮ ನಡೆಯುತ್ತದೆ. ಲಂಡನ್ನಿನ ಒಂದು ಅಧ್ಯಯನ ಸಂಸ್ಥೆ 1927ರಲ್ಲಿ ಮಾಡಿದ ನಿಯಮ ಅದು. ಕೇಳಿದ ವಿಷಯವನ್ನು ಬಳಸಿಕೊಳ್ಳಬಹುದು, ಯಾರು ಹೇಳಿದರು ಅಂತ ಮಾತ್ರ ಹೇಳಬಾರದು.

ಯಾರು ಬಂದಿದ್ದರು, ಯಾವ ಯಾವ ವಿಷಯ ಇತ್ತು ಅನ್ನುವ ಪಟ್ಟಿಯನ್ನು ಈಗ ಅವರೇ ಪ್ರಕಟಿಸುತ್ತಾರೆ. ಹಾಗಾಗಿ ‘ಪೂರ್ತಿ ಗುಟ್ಟು’ ಅಂತ ಹೇಳುವುದು ತಪ್ಪು. ನಿರ್ಣಯ ಮಾಡುವುದಿಲ್ಲ, ಮತ ಹಾಕುವುದಿಲ್ಲ, ಹೇಳಿಕೆ ಕೊಡುವುದಿಲ್ಲ ಅಂತಲೂ ಅವರು ಹೇಳುತ್ತಾರೆ. ಅದನ್ನು ನಾನು ನಂಬುತ್ತೇನೆ. ನನ್ನ ಕಿಟಕಿ ಪಕ್ಕದಲ್ಲೂ ಯಾರೂ ಮತ ಹಾಕಿರಲಿಲ್ಲ.

2013ರ ಸಭೆ ಲಂಡನ್ ಹತ್ತಿರ ವಾಟ್‌ಫರ್ಡ್‌ನಲ್ಲಿ ನಡೆಯಿತು. ಅದರ ಹಿಂದಿನ ತಿಂಗಳುಗಳಲ್ಲಿ ಬ್ರಿಟನ್ನಿನಲ್ಲಿ ಏನು ನಡೆಯುತ್ತಿತ್ತು ನೋಡಿ. ಗೂಗಲ್, ಅಮೆಜಾನ್‌ನಂಥ ಕಂಪನಿಗಳು ಅಲ್ಲಿ ಇಷ್ಟೊಂದು ವ್ಯಾಪಾರ ಮಾಡಿ ಇಷ್ಟು ಕಡಿಮೆ ತೆರಿಗೆ ಯಾಕೆ ಕಟ್ಟುತ್ತವೆ ಅಂತ ದೇಶವೇ ಕೇಳುತ್ತಿತ್ತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 2012ರ ನವೆಂಬರ್‌ನಲ್ಲಿ ಈ ಕಂಪನಿಗಳ ಅಧಿಕಾರಿಗಳನ್ನು ಕರೆಸಿತ್ತು. 2013ರ ಮೇ ತಿಂಗಳಲ್ಲಿ ಗೂಗಲ್‌ನವರನ್ನು ಎರಡನೇ ಸಲ ಕರೆಸಿತು. ಎಲ್ಲ ಟಿ.ವಿ. ಕ್ಯಾಮೆರಾ ಮುಂದೆ. ಅಧ್ಯಕ್ಷೆ ಮಾರ್ಗರೆಟ್ ಹಾಜ್ ಬಿಡದೆ ಒಂದೊಂದೇ ಪ್ರಶ್ನೆ ಕೇಳಿದರು. ಉತ್ತರ ತಡವರಿಸಿದ್ದೂ ಜನಕ್ಕೆ ಕಾಣಿಸಿತು.

ಇದಾಗಿ ಒಂದು ತಿಂಗಳೂ ಕಳೆದಿರಲಿಲ್ಲ. ಜೂನ್ ಮೊದಲ ವಾರ ವಾಟ್‌ಫರ್ಡ್‌ನ ಹೋಟೆಲಿಗೆ ಬರುವವರ ಪಟ್ಟಿ ಹೊರಬಂತು. ಬ್ರಿಟನ್ನಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬಾರ್ನ್ ಹೆಸರು ಅದರಲ್ಲಿತ್ತು. ಗೂಗಲ್‌ನ ಎರಿಕ್ ಶ್ಮಿಟ್ ಹೆಸರಿತ್ತು. ಅಮೆಜಾನ್‌ನ ಜೆಫ್ ಬೆಜೋಸ್ ಹೆಸರೂ ಇತ್ತು. ತೆರಿಗೆ ವಸೂಲಿ ಮಾಡಬೇಕಾದ ಖಾತೆಯ ಮಂತ್ರಿ, ತೆರಿಗೆ ಕಟ್ಟಬೇಕಾದ ಕಂಪನಿಯ ದೊಡ್ಡವರು, ಒಂದೇ ಹೋಟೆಲು, ನಾಲ್ಕು ದಿನ. ಬೇಲಿಯ ಹೊರಗೆ ಜನ.

ಸಭೆ ಮುಗಿದ ಮರುದಿನವೇ ಮೈಕೆಲ್ ಮೀಚರ್ ಅನ್ನುವ ಸಂಸದರು ಬ್ರಿಟನ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಇದರ ಬಗ್ಗೆ ತುರ್ತು ಪ್ರಶ್ನೆ ಎತ್ತಿದರು. ಸರ್ಕಾರದ ಪರವಾಗಿ ಉತ್ತರ ಕೊಟ್ಟವರು ಕೆನೆತ್ ಕ್ಲಾರ್ಕ್. ಅವರು ಈ ಸಭೆಗಳಿಗೆ ಹಲವು ವರ್ಷ ಹೋಗಿ ಬಂದವರು. ಇದು ಖಾಸಗಿ ಮಾತುಕತೆ, ಅದರಲ್ಲಿ ಆತಂಕ ಪಡುವಂಥದ್ದು ಏನೂ ಇಲ್ಲ ಅನ್ನುವುದು ಅವರ ಉತ್ತರದ ತಿರುಳು.

ಮುಂದೆ 2016ರ ಜನವರಿಯಲ್ಲಿ ಗೂಗಲ್ ಹಳೆಯ ತೆರಿಗೆ ಬಾಕಿ ಅಂತ 13 ಕೋಟಿ ಪೌಂಡ್ ಕಟ್ಟಲು ಒಪ್ಪಿತು. ಆಸ್ಬಾರ್ನ್ ಅದನ್ನು ದೊಡ್ಡ ಗೆಲುವು ಅಂದರು. ತೀರಾ ಕಡಿಮೆಯಾಯಿತು ಅಂತ ಬಹಳ ಜನ ಸಿಟ್ಟಾದರು. ವಾಟ್‌ಫರ್ಡ್‌ನಲ್ಲಿ ಈ ಮಾತು ಬಂದಿತ್ತೇ? ನಾನು ಆ ಎರಡನ್ನೂ ಗಂಟು ಹಾಕುವುದಿಲ್ಲ. ಹಾಕಲು ನನ್ನ ಹತ್ತಿರ ಸಾಕ್ಷಿ ಇಲ್ಲ. ನಿಮ್ಮ ಪಕ್ಕದವರು ಗಂಟು ಹಾಕಿದರೆ ‘ತಪ್ಪು’ ಅಂತ ತೋರಿಸಲಿಕ್ಕೂ ನನ್ನ ಹತ್ತಿರ ಒಂದು ತುಂಡು ಕಾಗದ ಇಲ್ಲ. ಪ್ರಾಮಾಣಿಕವಾಗಿ ನಡೆದುಕೊಂಡ ಮಂತ್ರಿಗೂ ತಾನು ಪ್ರಾಮಾಣಿಕ ಅಂತ ತೋರಿಸಲು ದಾರಿ ಉಳಿಯುವುದಿಲ್ಲ. ಮುಚ್ಚಿದ ಬಾಗಿಲು ಒಳ್ಳೆಯವರಿಗೆ ಮಾಡುವ ಅನ್ಯಾಯ ಇದು, ಇದರ ಬಗ್ಗೆ ನಾವು ಸಾಕಷ್ಟು ಮಾತಾಡುವುದಿಲ್ಲ.

ಸ್ವಲ್ಪ ದಾರಿ ಬಿಟ್ಟು ಒಂದು ಹಳೆಯ ಕಥೆ ಹೇಳುತ್ತೇನೆ. 1910ರ ನವೆಂಬರ್. ನ್ಯೂಜೆರ್ಸಿಯ ಒಂದು ರೈಲು ನಿಲ್ದಾಣ. ಸೆನೆಟರ್ ನೆಲ್ಸನ್ ಆಲ್ಡ್ರಿಚ್ ಅವರ ಖಾಸಗಿ ಬೋಗಿ ಕಾಯುತ್ತಿದೆ. ಒಬ್ಬೊಬ್ಬರೇ ಬಂದು ಹತ್ತಬೇಕು ಅಂತ ಹೇಳಿದ್ದಾರೆ. ಹತ್ತಿದವರು ಅಮೆರಿಕದ ಅತಿ ದೊಡ್ಡ ಬ್ಯಾಂಕುಗಳ ಮಂದಿ. ಫ್ರಾಂಕ್ ವ್ಯಾಂಡರ್‌ಲಿಪ್, ಪಾಲ್ ವಾರ್‌ಬರ್ಗ್, ಹೆನ್ರಿ ಡೇವಿಸನ್. ಯಾರಾದರೂ ಕೇಳಿದರೆ ಬಾತುಕೋಳಿ ಬೇಟೆಗೆ ಹೊರಟಿದ್ದೇವೆ ಅನ್ನಬೇಕು. ವಾರ್‌ಬರ್ಗ್ ಅದಕ್ಕಾಗಿ ಯಾರದ್ದೋ ಬಂದೂಕು ಎರವಲು ತಂದಿದ್ದರು. ಕೆಲಸದಾಳುಗಳಿಗೆ ಗೊತ್ತಾಗಬಾರದು ಅಂತ ಮನೆತನದ ಹೆಸರು ಹಿಡಿದು ಕರೆಯುವ ಹಾಗಿಲ್ಲ. ಹೀಗೆ ಜಾರ್ಜಿಯಾದ ಜೆಕಿಲ್ ದ್ವೀಪಕ್ಕೆ ಹೋಗಿ, 1907ರ ಬ್ಯಾಂಕ್ ಕುಸಿತದಂಥದ್ದು ಮತ್ತೆ ಆಗದ ಹಾಗೆ ಏನು ಮಾಡಬೇಕು ಅಂತ ಒಂದು ಯೋಜನೆ ಬರೆದರು.

ಆ ಯೋಜನೆ ಇದ್ದಂತೆಯೇ ಕಾನೂನು ಆಗಲಿಲ್ಲ. ಅದರ ಮೇಲೆ ಮೂರು ವರ್ಷ ಬಹಿರಂಗ ಜಗಳ ಆಯಿತು. ಬಹಳ ಬದಲಾವಣೆಯಾಗಿ 1913ರ ಡಿಸೆಂಬರ್‌ನಲ್ಲಿ ಫೆಡರಲ್ ರಿಸರ್ವ್ ಅನ್ನುವ ಅಮೆರಿಕದ ಕೇಂದ್ರ ಬ್ಯಾಂಕನ್ನು ಹುಟ್ಟಿಸಿದ ಕಾನೂನು ಬಂತು. ಆದರೆ ಆ ಮೂರು ವರ್ಷದ ಜಗಳ ಇವತ್ತು ಯಾರಿಗೆ ನೆನಪಿದೆ? ಜನ ನೆನಪಿಟ್ಟುಕೊಂಡಿದ್ದು ಬಾತುಕೋಳಿಯನ್ನು. 1916ರಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂದರೂ ಹೋದವರು ಬಾಯಿ ಬಿಡಲಿಲ್ಲ. ವ್ಯಾಂಡರ್‌ಲಿಪ್ ತಾವೇ ಒಪ್ಪಿಕೊಂಡು ಬರೆದದ್ದು 1935ರಲ್ಲಿ. ನೂರು ವರ್ಷ ದಾಟಿದ ಮೇಲೂ ಆ ಬ್ಯಾಂಕಿನ ಬಗ್ಗೆ ಹುಟ್ಟುವ ಎಲ್ಲ ಗುಮಾನಿಗೂ ಆ ರೈಲಿನ ಬೋಗಿಯೇ ತವರು. ಅವತ್ತು ‘ನಾವು ಇಷ್ಟು ಜನ ಹೋಗಿದ್ದೆವು, ಇದನ್ನು ಬರೆದೆವು’ ಅಂತ ಒಂದು ಪುಟ ಪ್ರಕಟಿಸಿದ್ದರೆ ಏನು ಕಳೆದುಕೊಳ್ಳುತ್ತಿದ್ದರು? ಆಗ ಬ್ಯಾಂಕಿನವರು ಬರೆದದ್ದು ಅಂತ ಗೊತ್ತಾಗಿದ್ದರೆ ಅಮೆರಿಕದ ಸಂಸತ್ತು ಅದನ್ನು ಮುಟ್ಟುತ್ತಿರಲಿಲ್ಲ ಅನ್ನುತ್ತಾರೆ. ಸರಿ, ಹಾಗಾದರೆ ಜನಕ್ಕೆ ಅದು ಗೊತ್ತಾಗಲೇಬೇಕಿತ್ತು.

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಅನ್ನುತ್ತಾರಲ್ಲ, ತಂತ್ರಜ್ಞಾನದ ದೊಡ್ಡವರ ವಿಷಯದಲ್ಲಿ ಬೆಂಕಿ ನ್ಯಾಯಾಲಯದ ಕಡತದಲ್ಲೇ ಸಿಕ್ಕಿದೆ. 2007ರಲ್ಲಿ ಗೂಗಲ್‌ನ ಒಬ್ಬ ನೇಮಕಾತಿ ಸಿಬ್ಬಂದಿ ಆಪಲ್‌ನ ಒಬ್ಬ ಎಂಜಿನಿಯರ್‌ಗೆ ಕೆಲಸದ ಕರೆ ಕಳಿಸಿದರು. ಆಪಲ್‌ನ ಮುಖ್ಯಸ್ಥ ಸ್ಟೀವ್ ಜಾಬ್ಸ್ ಎರಿಕ್ ಶ್ಮಿಟ್‌ಗೆ ಇಮೇಲ್ ಬರೆದು ಇದನ್ನು ನಿಲ್ಲಿಸಿ ಅಂದರು. ಶ್ಮಿಟ್ ಆಗ ಗೂಗಲ್‌ನ ಮುಖ್ಯಸ್ಥರು, ಜೊತೆಗೆ ಆಪಲ್‌ನ ನಿರ್ದೇಶಕ ಮಂಡಳಿಯಲ್ಲೂ ಇದ್ದವರು. ಆ ಸಿಬ್ಬಂದಿಯನ್ನು ಒಂದು ಗಂಟೆಯೊಳಗೆ ಕೆಲಸದಿಂದ ತೆಗೆಯುತ್ತೇವೆ ಅನ್ನುವ ಉತ್ತರ ಜಾಬ್ಸ್‌ಗೆ ತಲುಪಿತು. ಅದನ್ನು ಜಾಬ್ಸ್ ತಮ್ಮ ಕಂಪನಿಯವರಿಗೆ ಮುಂದಕ್ಕೆ ಕಳಿಸಿದರು. ಜೊತೆಗೆ ಬರೆದದ್ದು ಎರಡೇ ಚಿಹ್ನೆ. ಒಂದು ವಿಸರ್ಗದ ಹಾಗಿನ ಎರಡು ಚುಕ್ಕಿ, ಪಕ್ಕದಲ್ಲಿ ಒಂದು ಆವರಣ. ನಗುಮುಖ.

ಒಬ್ಬರ ಕೆಲಸ ಹೋದದ್ದಕ್ಕೆ ಒಂದು ನಗುಮುಖ. ನಾನು ಮೊದಲ ಸಲ ಓದಿದಾಗ ಅದರ ಮುಂದೆ ಬಹಳ ಹೊತ್ತು ಕೂತಿದ್ದೆ. ನಿಮ್ಮವರನ್ನು ನಾವು ಸೆಳೆಯುವುದಿಲ್ಲ, ನಮ್ಮವರನ್ನು ನೀವು ಸೆಳೆಯಬೇಡಿ ಅನ್ನುವ ಒಳಒಪ್ಪಂದ ಅದರ ಹಿಂದೆ ಇತ್ತು. ಅಮೆರಿಕದ ನ್ಯಾಯ ಇಲಾಖೆ 2010ರಲ್ಲಿ ಅದನ್ನು ನಿಲ್ಲಿಸಿತು. ಆಪಲ್, ಗೂಗಲ್, ಇಂಟೆಲ್, ಅಡೋಬಿ ಸೇರಿ 41.5 ಕೋಟಿ ಡಾಲರ್ ಪರಿಹಾರ ಕೊಡುವ ರಾಜಿಗೆ 2015ರಲ್ಲಿ ನ್ಯಾಯಾಲಯದ ಒಪ್ಪಿಗೆ ಸಿಕ್ಕಿತು. ಸುಮಾರು 64,000 ಉದ್ಯೋಗಿಗಳ ಪರವಾದ ಮೊಕದ್ದಮೆ ಅದು. ಅವರಲ್ಲಿ ಯಾರಿಗಾದರೂ ತಮ್ಮ ಸಂಬಳ ಯಾಕೆ ಏರುತ್ತಿಲ್ಲ ಅಂತ 2007ರಲ್ಲಿ ಗೊತ್ತಿತ್ತೇ? ‘ಮೇಲಿನವರು ಏನೋ ಮಾತಾಡಿಕೊಂಡಿದ್ದಾರೆ’ ಅಂತ ಯಾರಾದರೂ ಆಗ ಅಂದಿದ್ದರೆ ಸುಮ್ನೆ ಏನೇನೋ ಕಲ್ಪಿಸಿಕೊಳ್ಳಬೇಡ ಅನ್ನುತ್ತಿದ್ದರು. ಆ ಕಲ್ಪನೆಯೇ ನಿಜವಾಗಿತ್ತು.

ಹಾಗಂತ ಅನುಮಾನ ಯಾವಾಗಲೂ ಸರಿ ಅಂತ ನಾನು ಹೇಳಲಾರೆ. ಅನುಮಾನಕ್ಕೆ ತನ್ನದೇ ಪಾಪ ಇದೆ. 1903ರಲ್ಲಿ ರಷ್ಯಾದಲ್ಲಿ ಒಂದು ನಕಲಿ ದಾಖಲೆ ಅಚ್ಚಾಯಿತು. ಯೆಹೂದಿ ಹಿರಿಯರು ಗುಟ್ಟಾಗಿ ಸೇರಿ ಜಗತ್ತನ್ನು ಆಳುವ ಸಂಚು ಮಾಡಿದ್ದಾರೆ ಅನ್ನುವುದು ಅದರ ಸಾರ. ಅಂಥ ಸಭೆ ನಡೆದೇ ಇರಲಿಲ್ಲ. ಅದು ಕದ್ದು ಜೋಡಿಸಿದ ಬರಹ ಅಂತ 1921ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಬಿಡಿಸಿ ತೋರಿಸಿತು. ಆದರೂ ನಾಜಿಗಳು ಅದನ್ನು ಹಂಚಿದರು. ಮುಂದೆ ಏನಾಯಿತು ಅಂತ ನಿಮಗೆ ಗೊತ್ತು. ಇವತ್ತಿಗೂ ಇಂಥ ಸಭೆಗಳ ಬಗ್ಗೆ ಹರಿದಾಡುವ ಕಥೆಗಳಲ್ಲಿ ಆ ಹಳೆಯ ವಿಷ ಬೇರೆ ಬೇರೆ ಹೆಸರಲ್ಲಿ ಬೆರೆತಿರುತ್ತದೆ. ಯಾರಾದರೂ ‘ಇದರ ಹಿಂದೆ ಇರುವ ಜನವೇ ಬೇರೆ’ ಅಂತ ಒಂದು ಜನಾಂಗದ ಕಡೆ ಬೆರಳು ತೋರಿಸಿದರೆ ದಯವಿಟ್ಟು ಅಲ್ಲೇ ತಡೆಯಿರಿ. ನಮಗೆ ಬೇಕಾದದ್ದು ಹೆಸರು, ದಿನಾಂಕ, ವಿಷಯ. ಕುಲ ಅಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಬಾಗಿಲು ಹಾಕಿಕೊಂಡಾಗಲೇ ಕೆಲವು ಮಾತು ಬಾಯಿಗೆ ಬರುತ್ತವೆ. ಕ್ಯಾಮೆರಾ ಮುಂದೆ ಯಾರೂ ‘ನನಗೆ ಗೊತ್ತಿಲ್ಲ, ನಾನು ಹೇಳಿದ್ದು ತಪ್ಪು’ ಅನ್ನುವುದಿಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನ ಬರೆದವರೂ ಬಾಗಿಲಿಗೆ ಕಾವಲು ಇಟ್ಟೇ ಬರೆದರು. ಜೇಮ್ಸ್ ಮ್ಯಾಡಿಸನ್ ಬರೆದುಕೊಂಡ ಟಿಪ್ಪಣಿ ಅಚ್ಚಾದದ್ದು 1840ರಲ್ಲಿ, ಅವರು ತೀರಿಕೊಂಡ ಮೇಲೆ. ಆದರೆ ಬರೆದು ಮುಗಿಸಿದ ಕೂಡಲೇ ಅದರ ಪೂರ್ತಿ ಪಾಠ ಪತ್ರಿಕೆಗಳಲ್ಲಿ ಬಂತು. ಒಂದೊಂದು ರಾಜ್ಯದಲ್ಲೂ ಅದರ ಮೇಲೆ ಜಗಳ ಆಯಿತು. ಜನರ ಹಕ್ಕಿನ ಮಾತೇ ಇಲ್ಲವಲ್ಲ ಅಂತ ಕೇಳಿದರು. ಆ ಪ್ರಶ್ನೆಯಿಂದಲೇ 1791ರ ಮೊದಲ ಹತ್ತು ತಿದ್ದುಪಡಿಗಳು ಬಂದವು. ಕೋಣೆ ಮುಚ್ಚಿತ್ತು, ಕೋಣೆಯಿಂದ ಬಂದದ್ದು ಬಯಲಿಗೆ ಬಂದು ನಿಂತಿತು.

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ನನಗೆ ಕಾಡುವುದು ಇದೇ. 2023ರಲ್ಲಿ ಲಿಸ್ಬನ್‌ನಲ್ಲಿ ನಡೆದ ಬಿಲ್ಡರ್‌ಬರ್ಗ್ ಸಭೆಯ ವಿಷಯಪಟ್ಟಿಯಲ್ಲಿ ಮೊದಲು ಇದ್ದದ್ದು ಕೃತಕ ಬುದ್ಧಿಮತ್ತೆ. ಓಪನ್‌ಎಐ ಕಂಪನಿಯ ಆಲ್ಟ್‌ಮನ್, ಗೂಗಲ್‌ನ ಡೀಪ್‌ಮೈಂಡ್ ಕಂಪನಿಯ ಡೆಮಿಸ್ ಹಸಾಬಿಸ್, ಶ್ಮಿಟ್ ಅಲ್ಲಿದ್ದರು. ಮಂತ್ರಿ ತಪ್ಪು ಮಾಡಿದರೆ ಮುಂದಿನ ಚುನಾವಣೆಯಲ್ಲಿ ಕೇಳಬಹುದು. ಕಂಪನಿಯ ಮುಖ್ಯಸ್ಥರಿಗೆ ನಾವು ಮತ ಹಾಕಿಲ್ಲ, ಇಳಿಸಲೂ ಆಗುವುದಿಲ್ಲ. ಅವರನ್ನು ನಾವು ಮುಟ್ಟುವುದು ನಮ್ಮ ಮಂತ್ರಿಯ ಮೂಲಕ ಮಾತ್ರ. ಆ ಮಂತ್ರಿಗೂ ಅವರಿಗೂ ಸಲುಗೆ ಬೆಳೆದುಬಿಟ್ಟರೆ ನಮಗಿದ್ದ ಒಂದೇ ಕೈ ಹೋಯಿತು. ಅದರ ಮೇಲೆ, ಈ ತಂತ್ರಜ್ಞಾನ ಹೇಗೆ ಕೆಲಸ ಮಾಡುತ್ತದೆ ಅಂತ ಮಂತ್ರಿ ತಿಳಿದುಕೊಳ್ಳುವುದೂ ಅವರಿಂದಲೇ. ಯಾರ ಮೇಲೆ ನಿಯಮ ಹಾಕಬೇಕೋ ಅವರೇ ಪಾಠ ಹೇಳುವ ಮೇಷ್ಟ್ರು.

ಏನು ಕೇಳಬೇಕು ನಾವು? ಎಲ್ಲ ಮಾತನ್ನೂ ನೇರ ಪ್ರಸಾರ ಮಾಡಿ ಅಂತ ಕೇಳಿದರೆ ಕೆಲಸದ ಮಾತು ಇನ್ನೊಂದು ಕೋಣೆಗೆ ಹೋಗುತ್ತದೆ ಅಷ್ಟೇ. ಖಾಸಗಿ ಜನ ಖಾಸಗಿಯಾಗಿ ಸೇರಲಿ. ಆದರೆ ಸರ್ಕಾರಿ ಅಧಿಕಾರ ಹೊತ್ತವರು ಒಳಗೆ ಹೋದರೆ ಲೆಕ್ಕ ಒಪ್ಪಿಸಬೇಕು. ಯಾರನ್ನು ಕಂಡೆ, ಯಾವತ್ತು, ಯಾವ ವಿಷಯ, ಅವರು ಏನು ಕೇಳಿದರು. ಒಂದು ಪುಟ ಸಾಕು. ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ನಿನ ಸದಸ್ಯರು 2014ರ ಡಿಸೆಂಬರ್‌ನಿಂದ ತಾವು ಕಂಡ ಲಾಬಿದಾರರ, ಅಂದರೆ ತಮ್ಮ ಪರ ನಿಯಮ ಮಾಡಿಸಲು ಬರುವವರ, ಪಟ್ಟಿ ಪ್ರಕಟಿಸುತ್ತಾ ಬಂದಿದ್ದಾರೆ, ಆಕಾಶ ಕಳಚಿ ಬಿದ್ದಿಲ್ಲ. ಪಟ್ಟಿ ಮಾತ್ರ ಸಾಲದು ಅನ್ನುವುದಕ್ಕೂ ಅಲ್ಲೇ ಉದಾಹರಣೆ ಇದೆ. ಕೋವಿಡ್ ಲಸಿಕೆ ಖರೀದಿಯ ಕಾಲದಲ್ಲಿ ಕಮಿಷನ್ ಅಧ್ಯಕ್ಷೆ ಮತ್ತು ಫೈಜರ್ ಕಂಪನಿಯ ಮುಖ್ಯಸ್ಥರ ನಡುವೆ ಮೊಬೈಲಿನಲ್ಲಿ ಸಂದೇಶಗಳು ಓಡಾಡಿದ್ದವು. ಒಂದು ಪತ್ರಿಕೆ ಅವನ್ನು ಕೇಳಿದಾಗ ನಮ್ಮ ಹತ್ತಿರ ಇಲ್ಲ ಅಂದರು. ಯಾಕಿಲ್ಲ ಅನ್ನುವುದಕ್ಕೆ ನಂಬುವಂಥ ವಿವರಣೆ ಕೊಟ್ಟಿಲ್ಲ ಅಂತ 2025ರ ಮೇ ತಿಂಗಳಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಈಗ ಮುಚ್ಚಿದ ಕೋಣೆ ಜೇಬಿನಲ್ಲೇ ಇದೆ.

ಕೊನೆಗೆ ಒಂದು ಊರಿನ ಕಥೆ. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ವಿಜ್ಞಾನಿಗಳು ಸೇರಿ, ವಂಶವಾಹಿಗಳನ್ನು ಕತ್ತರಿಸಿ ಜೋಡಿಸುವ ಹೊಸ ವಿದ್ಯೆಗೆ ಎಂಥ ಎಚ್ಚರ ಬೇಕು ಅಂತ ಚರ್ಚೆ ಮಾಡಿದರು. ಪತ್ರಕರ್ತರನ್ನು ಒಳಗೆ ಕೂರಿಸಿಕೊಂಡರು. ಬರೆಯುವುದನ್ನು ಸಭೆ ಮುಗಿದ ಮೇಲೆ ಬರೆಯಿರಿ ಅಂದರು. ಒಳ್ಳೆಯ ಏರ್ಪಾಡು. ಆದರೂ ಕೂತು ನಿಯಮ ಮಾಡಿದವರು ಹೆಚ್ಚುಕಡಿಮೆ ವಿಜ್ಞಾನಿಗಳೇ.

ಮರುವರ್ಷ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಇದಕ್ಕಾಗಿ ಪ್ರಯೋಗಾಲಯ ಕಟ್ಟಲು ಹೊರಟಿತು. ಆ ಊರಿನ ಮೇಯರ್ ಆಲ್ಫ್ರೆಡ್ ವೆಲ್ಲುಚಿ ವಿಜ್ಞಾನಿಗಳನ್ನು ನಗರಸಭೆಗೆ ಕರೆಸಿದರು. ಸಭಾಂಗಣ ತುಂಬಿಹೋಗಿತ್ತು, ಟಿ.ವಿ. ಕ್ಯಾಮೆರಾಗಳು ಬಂದಿದ್ದವು. ನಾವು ಸಾಮಾನ್ಯ ಜನ, ನಮಗೆ ಅರ್ಥವಾಗುವ ಮಾತಲ್ಲಿ ಹೇಳಿ ಅಂತ ಮೇಯರ್ ಮೊದಲೇ ಕೇಳಿಕೊಂಡರು. ಆಮೇಲೆ ಕೆಲವು ತಿಂಗಳು ಆ ಸಂಶೋಧನೆ ತಡೆದು, ಊರಿನವರದ್ದೇ ಒಂದು ಸಮಿತಿ ಮಾಡಿದರು. ಅದರಲ್ಲಿ ಒಬ್ಬ ನರ್ಸ್ ಇದ್ದರು, ಒಬ್ಬ ಎಂಜಿನಿಯರ್ ಇದ್ದರು. ಅಧ್ಯಕ್ಷರು ಮನೆ ಬೆಚ್ಚಗಿಡುವ ಎಣ್ಣೆಯ ವ್ಯಾಪಾರಿ. ತಿಂಗಳುಗಟ್ಟಲೆ ಕೂತು ಎರಡೂ ಕಡೆಯ ವಿಜ್ಞಾನಿಗಳನ್ನು ಕರೆಸಿ ಕೇಳಿದರು. 1977ರ ಜನವರಿಯಲ್ಲಿ ವರದಿ ಕೊಟ್ಟರು. ಸಂಶೋಧನೆ ಬೇಡ ಅನ್ನಲಿಲ್ಲ. ಇನ್ನೂ ಕೆಲವು ಎಚ್ಚರಿಕೆ ಸೇರಿಸಿ, ಮಾಡಿ ಅಂದರು. ಫೆಬ್ರವರಿಯಲ್ಲಿ ನಗರಸಭೆ ಅದನ್ನೇ ಕಾನೂನು ಮಾಡಿತು. ಕೆಲವೇ ವರ್ಷಗಳಲ್ಲಿ ಜೈವಿಕ ತಂತ್ರಜ್ಞಾನದ ಕಂಪನಿಗಳು ಅದೇ ಊರಿಗೆ ಬಂದು ನೆಲೆಸಿದವು. ಅಲ್ಲಿ ನಿಯಮ ಏನು, ಅದನ್ನು ಮಾಡಿದವರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು.